ಊರಿಗೆ ಉಪಕಾರಿ, ಮನೆಗೆ ಮಾರಿ

(ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳ ಸಭೆಗಳಲ್ಲಿ ನಾವು ಆಡಿದ ಮಾತುಗಳ ಪಾಠ)



ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯು ನಮ್ಮ ಸೀಮೆಯ ಆಬಾಲವೃದ್ಧರಿಗೂ ತಿಳಿದುದೇ ಇದೆ. ನೆರೆಮನೆಯ ಜಗಳವನ್ನು ಬಿಡಿಸಲು ಹಗಲಿರುಳು ಓಡಾಡುವ ಯಜಮಾನನ ಮನೆಯಲ್ಲಿ ಹೆಂಡಿರು ಮಕ್ಕಳು ಬಾಯಿ ತೆರೆಯಲು ಅಂಜುತ್ತಿದ್ದರೆ ಜನರು ಅವನನ್ನು ಹೀಗೆ ಕರೆಯುತ್ತಾರೆ. ಒಬ್ಬ ಮನುಷ್ಯನಿಗೆ ಸಲ್ಲುವ ಈ ಮಾತು ಸರಕಾರಗಳಿಗೂ ಸಲ್ಲುವದೇ? ಪರನಾಡಿನ ಜನರಿಗೆ ಪ್ರಜಾಪ್ರಭುತ್ವವನ್ನು ದೊರಕಿಸಿ ಕೊಡುವೆನೆಂದು ದಂಡು ಕಟ್ಟಿಕೊಂಡು ಹೊರಡುವ ಸರಕಾರವು ತನ್ನ ಮನೆಯ ಪ್ರಜಾಪ್ರಭುತ್ವವನ್ನು ಸೊರಗಿಸುವದೇ? ಇದೇ ಇಂದು ನಾವು ತಮ್ಮ ಮುಂದೆ ವಿಚಾರಕ್ಕಾಗಿ ಇಡಬಯಸುವ ಪ್ರಶ್ನೆ.

ಇದು ಲಂಡನ್ನಿನ, ವಾಶಿಂಗ್ಟನ್ನಿನ ಪ್ರಶ್ನೆ. ರೋಣದ ಒಕ್ಕಲಿಗನಿಗೂ ಗಜೇಂದ್ರಗಡದ ನೇಕಾರನಿಗೂ ಇದರಿಂದೇನಾಗಬೇಕು ಎಂದು ಕೆಲವರು ಕೇಳಬಹುದು. ಮಹಾಶಯರೇ, ಈ ಪ್ರಶ್ನೆಯ ಏಟನ್ನು ನಮ್ಮ ಈ ಮೂರು ಊರುಗಳೇ ತಮ್ಮ ಮೈಮೇಲೆ ತಿಂದಿವೆ. ಆದುದರಿಂದ ಪರದೇಶದ ಪುರಾಣಕ್ಕೆ ಹೋಗುವ ಮೊದಲು ಮನೆಯ ಕಾಗದಪತ್ರಗಳನ್ನೇ ಬಿಚ್ಚಿ ನೋಡೋಣ. ಸಾಕ್ಷಿ ಹತ್ತಿರದಲ್ಲಿಯೇ ಇರುವಾಗ ದೂರದವನನ್ನು ಕರೆಯಿಸುವದು ವಕೀಲರ ಪದ್ಧತಿಯಲ್ಲ.

ಮೊದಲು ನರಗುಂದ. 1787ರಲ್ಲಿ ಟಿಪ್ಪೂ ಸುಲ್ತಾನನಿಗೂ ಮರಾಠರಿಗೂ ಗಜೇಂದ್ರಗಡದಲ್ಲಿ ಒಡಂಬಡಿಕೆಯಾದಾಗ ಬಾದಾಮಿ, ಕಿತ್ತೂರು, ನರಗುಂದಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದವು. ನರಗುಂದದವರನ್ನು ಯಾರೂ ಕೇಳಲಿಲ್ಲ. ಅದು ಅರಸರ ಕಾಲ. ಪ್ರಜೆಗಳನ್ನು ಕೇಳುವ ಪರಿಪಾಠವೇ ಇರಲಿಲ್ಲವೆನ್ನೋಣ. ತರುವಾಯ ಬಂದ ಇಂಗ್ಲಿಷರ ಬಾಯಲ್ಲಿ ಮಾತ್ರ ಬೇರೆ ಮಾತಿತ್ತು. ತಾವು ತಂದುದು ಬರಿಯ ಆಳಿಕೆಯಲ್ಲ, ಕಾಯದೆಯ ರಾಜ್ಯವೆಂದು ಅವರು ಹೇಳಿಕೊಂಡರು. 1832ರಲ್ಲಿ ತಮ್ಮ ದೇಶದಲ್ಲಿ ಮತದ ಹಕ್ಕನ್ನು ಹಿಗ್ಗಿಸಿ, ಪಾರ್ಲಿಮೆಂಟು ಲೋಕಕ್ಕೆ ಮಾದರಿಯೆಂದು ಹೆಮ್ಮೆಪಡುತ್ತಿದ್ದ ಜನರವರು.

ಆ ಜನರ ಸರಕಾರವು 1857ರಲ್ಲಿ ಪ್ರಜೆಗಳು ಆಯುಧಗಳನ್ನು ತಂದೊಪ್ಪಿಸಬೇಕೆಂದು ವಿಧಿಸಿತು. ಹಲಗಲಿಯ ಬೇಡರು ಒಪ್ಪದೆ ಹೋರಾಡಿ ಮಡಿದರು. ಸಂಸ್ಕೃತ ಗ್ರಂಥಗಳನ್ನು ಅಕ್ಕರೆಯಿಂದ ಕೂಡಿಹಾಕಿದ್ದ ನರಗುಂದದ ಬಾಬಾಸಾಹೇಬ ಭಾವೆಯವರಿಗೆ ದತ್ತಕದ ಹಕ್ಕನ್ನೂ ಸರಕಾರವು ನಿರಾಕರಿಸಿತ್ತು. 1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾಯರು ಎದ್ದರು, ಬಾಬಾಸಾಹೇಬರೂ ಎದ್ದರು. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟನಾದ ಮ್ಯಾನ್ಸನ್ನನ ಕೊಲೆಯಾಯಿತು. ಜೂನ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಲಾಯಿತು. ಬೆನ್ನಟ್ಟುವದು, ಹಿಡಿಯುವದು, ವಿಚಾರಣೆ, ತೀರ್ಪು, ಗಲ್ಲು ಎಲ್ಲವೂ ಎರಡೇ ವಾರಗಳಲ್ಲಿ ಮುಗಿದವು.

ಆ ಶೌರ್ಯದ ಕಥೆಯನ್ನು ತಾವು ಬಲ್ಲಿರಿ. ನಾವು ತೋರಿಸಬೇಕೆಂದಿರುವದು ಅದರ ಹಿಂದಿನ ಕಾಯದೆಯ ಕಥೆಯನ್ನು. ದಂಗೆಯ ಕಾಲಕ್ಕೆಂದು ಬಂದ ಆ ನಿಶ್ಶಸ್ತ್ರೀಕರಣವು ದಂಗೆ ಅಡಗಿದ ಮೇಲೆ ಹೋಗಬೇಕಿತ್ತಷ್ಟೆ? ಹೋಗಲಿಲ್ಲ. 1878ರಲ್ಲಿ ಅದು ಶಸ್ತ್ರಗಳ ಕಾಯದೆಯಾಗಿ ನೆಲೆಯೂರಿತು. ಆ ಕಾಯದೆಯನ್ನು ತೆಗೆದು ಹೊಸದನ್ನು ಮಾಡಿದ್ದು ಸ್ವತಂತ್ರ ಭಾರತವು, 1959ರಲ್ಲಿ. ಬಾಬಾಸಾಹೇಬರು ಗಲ್ಲಿಗೇರಿ ಅಂದಿಗೆ 101 ವರ್ಷಗಳಾಗಿದ್ದವು. ಹಬ್ಬಕ್ಕೆ ಬಂದ ಬೀಗರು ಹಬ್ಬ ಮುಗಿದ ಮೇಲೆ ಹೋಗುತ್ತಾರೆ. ಯುದ್ಧಕ್ಕೆ ಬಂದ ಕಾಯದೆ ಹೋಗುವದಿಲ್ಲ. ಇದನ್ನು ಮೊದಲು ಮನಸ್ಸಿನಲ್ಲಿಡಿರಿ.

ಇನ್ನು ರೋಣ ತಾಲೂಕಿನ ಮಾತು. ಇದೇ ತಾಲೂಕಿನ ಜಕ್ಕಲಿಯು ಅಂದಾನಪ್ಪ ದೊಡ್ಡಮೇಟಿಯವರ ಊರು. ಕನ್ನಡಿಗರೆಲ್ಲ ಒಂದೇ ಪ್ರಾಂತದಲ್ಲಿ ಬಾಳಬೇಕೆಂಬ ಒಂದೇ ಹಂಬಲಕ್ಕೆ ತಮ್ಮ ಬಾಳನ್ನು ಮುಡಿಪಿಟ್ಟವರು ಅವರು. ಆ ಕಾಲಕ್ಕೆ ನಮ್ಮ ಧಾರವಾಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿತ್ತು. 1937ರಲ್ಲಿ ಚುನಾವಣೆಗಳಾಗಿ ಬಾಳಾಸಾಹೇಬ ಖೇರರ ಮಂತ್ರಿಮಂಡಲವು ಬಂದಿತು. ಮತದ ಹಕ್ಕು ಎಲ್ಲರಿಗೂ ಇರಲಿಲ್ಲ, ಗವರ್ನರನ ಕೈಯಲ್ಲಿ ವಿಶೇಷಾಧಿಕಾರಗಳು ಉಳಿದಿದ್ದವು. ಆದರೂ ನಮ್ಮವರು ನಮ್ಮವರಿಗೆ ಉತ್ತರ ಹೇಳುವ ಒಂದು ಸಭೆ ಅದು. ಆ ವಿಧಾನಸಭೆಯು 1938ರಲ್ಲಿ ಪ್ರತ್ಯೇಕ ಕರ್ನಾಟಕ ಪ್ರಾಂತದ ಪರವಾಗಿ ಠರಾವನ್ನೂ ಮಾಡಿತು. ಬಿತ್ತಿದ ಬೀಜ ಮೊಳೆತಿತ್ತು.

ಅಷ್ಟರಲ್ಲಿ 1939ರ ಸಪ್ಟಂಬರ 3 ಬಂದಿತು. ಪೋಲಂಡಿನ ಸ್ವಾತಂತ್ರ್ಯವನ್ನು ರಕ್ಷಿಸಲು ಬ್ರಿಟನ್ನು ಜರ್ಮನಿಯ ಮೇಲೆ ಯುದ್ಧ ಸಾರಿತು. ಅದೇ ದಿನ ವೈಸರಾಯ ಲಿನ್‌ಲಿಥ್‌ಗೋ ಹಿಂದುಸ್ಥಾನವೂ ಯುದ್ಧದಲ್ಲಿದೆಯೆಂದು ಘೋಷಿಸಿದನು. ಕೇಂದ್ರದ ಶಾಸನಸಭೆಯನ್ನು ಕೇಳಲಿಲ್ಲ, ಪ್ರಾಂತದ ಮಂತ್ರಿಗಳನ್ನು ಕೇಳಲಿಲ್ಲ. ಈ ಅವಮಾನವನ್ನು ಪ್ರತಿಭಟಿಸಿ ರಾಷ್ಟ್ರಸಭೆಯ ಮಂತ್ರಿಮಂಡಲಗಳೆಲ್ಲ ಹೊರಬಿದ್ದವು. ನವೆಂಬರದಲ್ಲಿ ಖೇರರೂ ರಾಜೀನಾಮೆಯಿತ್ತರು. ಅಲ್ಲಿಂದ 1946ರ ವರೆಗೆ ಮುಂಬಯಿ ಇಲಾಖೆಯಲ್ಲಿ ನಡೆದುದು ಗವರ್ನರನ ಆಳಿಕೆ. ಪೋಲಂಡಿನ ಪ್ರಜೆಯ ಹಕ್ಕಿಗಾಗಿ ಹೊರಟ ಯುದ್ಧವು ಮೊದಲು ನುಂಗಿದ್ದು ರೋಣದ ಮತದಾರನ ವಿಧಾನಸಭೆಯನ್ನು! ಕರ್ನಾಟಕ ಪ್ರಾಂತದ ಮಾತೂ ಅದರೊಡನೆ ಕಪಾಟು ಸೇರಿತು.

ಮುಂದಿನ ವಿನೋದವನ್ನು ನೋಡಿರಿ. 1941ರ ಆಗಸ್ಟದಲ್ಲಿ ಚರ್ಚಿಲ್ಲನೂ ರೂಝವೆಲ್ಟನೂ ಅಟ್ಲಾಂಟಿಕ್ ಸನ್ನದನ್ನು ಹೊರಡಿಸಿದರು. ಯಾವ ಬಗೆಯ ಸರಕಾರ ಬೇಕೆಂಬುದನ್ನು ಎಲ್ಲ ಜನಾಂಗಗಳೂ ತಾವೇ ಆರಿಸಿಕೊಳ್ಳಬೇಕೆಂಬುದು ಅದರ ಮೂರನೆಯ ಕಲಮು. ಒಂದು ತಿಂಗಳು ತುಂಬಿತೋ ಇಲ್ಲವೋ, ಸಪ್ಟಂಬರ 9ರಂದು ಚರ್ಚಿಲ್ಲನು ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಅದು ನಾಝಿಗಳ ನೊಗದಡಿಯಲ್ಲಿರುವ ಯುರೋಪಿನ ದೇಶಗಳ ಮಾತು, ಹಿಂದುಸ್ಥಾನಕ್ಕೆ ಸಂಬಂಧಿಸಿದ್ದಲ್ಲ ಎಂದು ತಿಳಿಯಪಡಿಸಿದನು. ಆ ಯುದ್ಧದಲ್ಲಿ ಸುಮಾರು 25 ಲಕ್ಷ ಹಿಂದೀ ಸಿಪಾಯಿಗಳು ಸೇವೆ ಸಲ್ಲಿಸಿದರು. ಹಂಚಲು ಒಯ್ದವನ ಹೆಗಲ ಮೇಲಿನ ಬುತ್ತಿ. ತಿನ್ನುವ ಹಕ್ಕು ಮಾತ್ರ ಅವನಿಗಿಲ್ಲ.

ಈ ವಿಪರೀತವನ್ನು ಎತ್ತಿ ಹೇಳಿದವರಿಗೆ ಏನಾಯಿತು? 1940ರ ಅಕ್ಟೋಬರದಲ್ಲಿ ಮೊದಲಾದ ವೈಯಕ್ತಿಕ ಸತ್ಯಾಗ್ರಹದಲ್ಲಿ, ಈ ಯುದ್ಧಕ್ಕೆ ನೆರವಾಗಬೇಡಿರೆಂದು ನಾಲ್ಕು ಜನರೆದುರು ನುಡಿದುದೇ ಅಪರಾಧವಾಯಿತು. 1942ರ ಆಗಸ್ಟದಿಂದ ಗಾಂಧೀಜಿಯವರ ‘ಹರಿಜನ’ ಪತ್ರಿಕೆ ನಿಂತಿತು. 1943ರ ಎಪ್ರಿಲ 1ರಂದು ಅಂದಿನ ನಮ್ಮ ಜಿಲ್ಲೆಯ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪನವರು ತಮ್ಮ ಇಬ್ಬರು ಸಂಗಡಿಗರೊಡನೆ ಗುಂಡಿಗೆ ಬಲಿಯಾದರು. ಅದೇ ಎಪ್ರಿಲದಲ್ಲಿ ಫೆಡರಲ್ ಕೋರ್ಟು ಮುಂಬಯಿಯ ಕೇಶವ ತಳಪದೆಯವರ ಖಟ್ಲೆಯಲ್ಲಿ ಒಂದು ನಿರ್ಣಯ ಕೊಟ್ಟಿತು: ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡಲು ಆಧಾರವಾಗಿದ್ದ ಭಾರತ ಸಂರಕ್ಷಣಾ ನಿಯಮಗಳ 26ನೆಯ ನಿಯಮವೇ ಅಸಿಂಧು! ಅಧಿಕಾರಿಗಳು ಸೆರೆಯಾಳುಗಳನ್ನು ಬಿಟ್ಟರೆಂದು ತಿಳಿದಿರಾ? ಆ ತಿಂಗಳು ಮುಗಿಯುವದರೊಳಗಾಗಿ ಒಂದು ಆರ್ಡಿನನ್ಸನ್ನು ಹೊರಡಿಸಿ, ಅಸಿಂಧುವಾದುದನ್ನು ಸಿಂಧುವನ್ನಾಗಿ ಮಾಡಿಕೊಂಡರು. ನ್ಯಾಯಾಧೀಶನು ಗೆರೆ ಕೊರೆದರೆ ಗೆರೆಯನ್ನೇ ಸರಿಸುವದು. ಯುದ್ಧಕಾಲದ ಸರಕಾರದ ಸಂಪ್ರದಾಯವಿದು.

ಇಂಗ್ಲಂಡದ ಮನೆಯೊಳಗಾದರೂ ಎಲ್ಲವೂ ಕ್ಷೇಮವಾಗಿತ್ತೇ? 1935ರ ಬಳಿಕ 1945ರ ವರೆಗೆ ಅಲ್ಲಿ ಸಾರ್ವತ್ರಿಕ ಚುನಾವಣೆಯಾಗಲಿಲ್ಲ. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಅಧಿಕಾರವನ್ನು ಗೃಹಮಂತ್ರಿಗೆ ಕೊಡಲಾಯಿತು. ಮಂತ್ರಿಯ ಕಾರಣವನ್ನು ನ್ಯಾಯಾಲಯ ಕೆದಕಬಾರದೆಂದು 1941ರಲ್ಲಿ ಅಲ್ಲಿಯ ವರಿಷ್ಠ ನ್ಯಾಯಪೀಠ ಹೇಳಿದಾಗ ಲಾರ್ಡ್ ಆಟ್ಕಿನ್ ಎಂಬವರೊಬ್ಬರೇ ಭಿನ್ನಮತವನ್ನಿತ್ತರು. ತೋಪು ಗರ್ಜಿಸುತ್ತಿದ್ದರೂ ಕಾಯದೆಯು ಮೂಕವಾಗಬಾರದೆಂದು ಅವರ ಅಭಿಪ್ರಾಯ. ಆದರೂ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಬಾಂಬುಗಳು ಬೀಳುತ್ತಿದ್ದಾಗಲೂ ಆ ಪಾರ್ಲಿಮೆಂಟು ಕೂಡುವದನ್ನು ಬಿಡಲಿಲ್ಲ. 1942ರಲ್ಲಿ ಚರ್ಚಿಲ್ಲನ ಮೇಲೆ ಅವಿಶ್ವಾಸದ ಠರಾವನ್ನೂ ಚರ್ಚಿಸಿತು. 1945ರಲ್ಲಿ ಗೆದ್ದು ಬಂದ ಅವನನ್ನೇ ಜನರು ಮತದಿಂದ ಕೆಳಗಿಳಿಸಿದರು. ಯುದ್ಧದಿಂದ ಅವರ ಪ್ರಜಾಪ್ರಭುತ್ವ ಸೊರಗಿತು, ಸಾಯಲಿಲ್ಲ. ಏಕೆಂದರೆ ಪ್ರಶ್ನೆ ಕೇಳುವ ಬಾಯಿ ಅಲ್ಲಿ ತೆರೆದೇ ಇತ್ತು. ನಮ್ಮ ಮುಂಬಯಿಯ ವಿಧಾನಸಭೆಗೆ ಬೀಗ ಬಿದ್ದಿತ್ತು. ಎರಡು ದೇಶಗಳ ಅಂತರವೆಲ್ಲ ಆ ಬೀಗದಲ್ಲಿದೆ.

ಈಗ ಗಜೇಂದ್ರಗಡಕ್ಕೆ ಬರೋಣ. ಇಲ್ಲಿ ನಮ್ಮ ವಾದ ಕಠಿಣವಾಗುತ್ತದೆ. ಏಕೆಂದರೆ ಇಲ್ಲಿ ದಂಡೆತ್ತಿ ಹೋದವರು ಪರಕೀಯರಲ್ಲ, ನಮ್ಮವರು.

ಗಜೇಂದ್ರಗಡದಾಚೆಯ ಎಲಬುರ್ಗೆ ಕುಷ್ಟಗಿಗಳು ನಿಜಾಮನ ಸೀಮೆಯಾಗಿದ್ದವು. ಹೊಲಕ್ಕೆ ಹೊಲ ಹತ್ತಿ, ಬೀಗರು ಬಿಜ್ಜರು ಎರಡೂ ಕಡೆ ಇದ್ದು, ಆಳಿಕೆ ಮಾತ್ರ ಬೇರೆ. 1947ರ ಆಗಸ್ಟ 15ರಂದು ಇತ್ತ ಧ್ವಜವೇರಿದಾಗ ಅತ್ತ ಅದನ್ನು ಏರಿಸುವದು ಅಪರಾಧವಾಗಿತ್ತು. ರಝಾಕಾರರ ಹಾವಳಿಯಿಂದ ಜನರು ಊರು ಬಿಟ್ಟು ಓಡಿಬಂದರು. 1948ರಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ನಡೆದ ಕಗ್ಗೊಲೆಯನ್ನು ಕನ್ನಡಿಗನು ಮರೆಯಲಾರನು. ಆಗ ಈ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ, ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ಶಿಬಿರಗಳು ನಿಂತವು. ಆ ಸೀಮೆಯ ತರುಣರೇ ತಮ್ಮ ಊರುಗಳ ಬಿಡುಗಡೆಗಾಗಿ ಇಲ್ಲಿ ಸೊಂಟ ಕಟ್ಟಿದರು. 1948ರ ಸಪ್ಟಂಬರ 13ರಂದು ಭಾರತದ ಸೈನ್ಯವು ಗಡಿ ದಾಟಿತು. 17ರಂದು ನಿಜಾಮನು ಶರಣಾದನು. 1952ರಲ್ಲಿ ಆ ಜನರು ಮತವಿತ್ತು ತಮ್ಮ ಸರಕಾರವನ್ನು ಆರಿಸಿಕೊಂಡರು. 1956ರ ನವೆಂಬರ 1ರಂದು ರಾಯಚೂರು, ಗುಲಬರ್ಗೆ, ಬೀದರಗಳ ಕನ್ನಡ ಭಾಗಗಳು ನಮ್ಮೊಡನೆ ಒಂದಾದವು. ಆ ದಂಡಯಾತ್ರೆ ಆಗಬಾರದಿತ್ತೆಂದು ನಾವು ಹೇಳಲಾರೆವು. ಅಲ್ಲಿ ಪ್ರಜಾಪ್ರಭುತ್ವ ಬೇರೂರಿದ್ದು ತೋಪಿನ ಗುಣದಿಂದಲ್ಲ, ಶಿಬಿರಗಳ ಗುಣದಿಂದ. ಸೈನ್ಯ ಬರುವ ಮೊದಲೇ ಜನರ ಎದೆಯಲ್ಲಿ ಅದು ಬಿತ್ತಿಯಾಗಿತ್ತು.

ಆದರೆ ಇನ್ನೊಂದು ಪುಟವಿದೆ. ಅದನ್ನು ಓದುವಾಗ ನಮಗೆ ಸುಖವಿಲ್ಲ. ಕಾರ್ಯಾಚರಣೆಯ ಬೆನ್ನಲ್ಲಿಯೇ ಆ ಸೀಮೆಯ ಮುಸಲ್ಮಾನರ ಮೇಲೆ ಭಯಂಕರವಾದ ಪ್ರತೀಕಾರ ನಡೆಯಿತು. ರಝಾಕಾರನಲ್ಲದ ನೇಕಾರನೂ ಒಕ್ಕಲಿಗನೂ ರಝಾಕಾರನ ಪಾಪಕ್ಕೆ ತಲೆ ಕೊಟ್ಟರು. ಭಾರತ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲರ ಸಮಿತಿಯು ಊರೂರು ತಿರುಗಿ, ಸತ್ತವರ ಸಂಖ್ಯೆಯನ್ನು 27,000ದಿಂದ 40,000ದ ವರೆಗೆ ಅಂದಾಜು ಮಾಡಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗೆ, ಬೀದರಗಳೂ ಇದ್ದವು. ಸರಕಾರವು ಆ ವರದಿಯನ್ನು ಪ್ರಕಟಿಸಲಿಲ್ಲ. 2013ರ ಸುಮಾರಿಗೆ ಅದು ದಿಲ್ಲಿಯ ಗ್ರಂಥಭಾಂಡಾರದಲ್ಲಿ ಓದುಗರಿಗೆ ದೊರೆಯುವ ಹೊತ್ತಿಗೆ ಅಂದಿನ ಮಂತ್ರಿಗಳಾರೂ ಉತ್ತರ ಹೇಳಲು ಉಳಿದಿರಲಿಲ್ಲ. ಅಂಕೆಯ ಬಗ್ಗೆ ವಾದವಿರಬಹುದು, ಇರಲಿ. ಬಯಲಿಗೆ ಬಂದಿದ್ದರೆ ತಾನೆ ವಾದ? 1952ರಲ್ಲಿ ಮತ ಹಾಕಿದ ಜನರು ತಮ್ಮ ಹೆಸರಿನಲ್ಲಿ ನಡೆದ ಕಾರ್ಯದ ಪೂರ್ಣ ಲೆಕ್ಕವನ್ನು ಕಾಣದೆಯೇ ಮತ ಹಾಕಿದರು. ಲೆಕ್ಕವನ್ನು ಧನಿಗೆ ತೋರಿಸದೆ ಮುಚ್ಚಿಡುವ ಕಾರಭಾರಿಯನ್ನು ನಾವು ಏನೆನ್ನುತ್ತೇವೆ? ಧನಿಯ ಹಿತಕ್ಕಾಗಿಯೇ ಮುಚ್ಚಿಟ್ಟೆನೆಂದು ಅವನು ಹೇಳಿದರೆ ನಂಬುತ್ತೇವೆಯೇ?

ಇನ್ನೂ ಒಂದು ಉದಾಹರಣೆ. ಇದು ಇಡೀ ದೇಶದ್ದು. 1970ರ ಡಿಸೆಂಬರದಲ್ಲಿ ಪಾಕಿಸ್ತಾನದಲ್ಲಿ ಚುನಾವಣೆಯಾಗಿ ಪೂರ್ವ ಬಂಗಾಲದ ಅವಾಮಿ ಲೀಗಿಗೆ ಬಹುಮತ ಬಂದಿತು. ಸೇನಾಪತಿಗಳು ಆ ಮತವನ್ನು ತುಳಿದು 1971ರ ಮಾರ್ಚ 25ರ ರಾತ್ರಿ ಜನರ ಮೇಲೆ ಬಿದ್ದರು. ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮ ದೇಶಕ್ಕೆ ಬಂದರು. ಡಿಸೆಂಬರ 3ರಿಂದ 16ರ ವರೆಗೆ ಯುದ್ಧವಾಗಿ ಬಾಂಗ್ಲಾದೇಶ ಉದಯಿಸಿತು. ತುಳಿದ ಮತವನ್ನು ಎತ್ತಿ ನಿಲ್ಲಿಸಿದ ಆ ಯುದ್ಧವನ್ನು ನಾವು ನ್ಯಾಯದ ಯುದ್ಧವೆಂದೇ ನಂಬುತ್ತೇವೆ.

ಆದರೆ ಮನೆಯಲ್ಲಿ ಏನಾಯಿತು? ಯುದ್ಧದ ಮೊದಲ ದಿನವೇ ತುರ್ತು ಪರಿಸ್ಥಿತಿಯ ಘೋಷಣೆಯಾಯಿತು. ಯುದ್ಧ ನಡೆದುದು ಎರಡು ವಾರ. ಆ ಘೋಷಣೆ ಹೋದುದು 1977ರ ಮಾರ್ಚದಲ್ಲಿ! ಅದೇ 1971ರಲ್ಲಿ ಮಾಡಿದ ಆಂತರಿಕ ಭದ್ರತೆಯ ಕಾಯದೆ, ಜನರ ಬಾಯಲ್ಲಿ ‘ಮೀಸಾ’, ಇದ್ದಲ್ಲಿಯೇ ಇದ್ದಿತು. 1975ರ ಜೂನ 25ರಂದು ಎರಡನೆಯ ಘೋಷಣೆಯಾದಾಗ ಹೊಸ ಆಯುಧವನ್ನು ಮಸೆಯುವ ಕಾರಣವೇ ಬೀಳಲಿಲ್ಲ. ಹಳೆಯದು ಗೂಟಕ್ಕೆ ತೂಗಾಡುತ್ತಿತ್ತು. ಮರುದಿನ ಬೆಂಗಳೂರಿನಲ್ಲಿಯೇ ವಾಜಪೇಯಿ, ಆಡವಾಣಿ, ಮಧು ದಂಡವತೆ ಸೆರೆಯಾದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಜರ್ಝರಿತರಾಗಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬೇಲಿಯೆದ್ದು ಹೊಲ ಮೇಯುವದೆಂದರೆ ಇದೇ ಅಲ್ಲವೆ? ಅತ್ತ ಢಾಕಾದಲ್ಲಿಯೂ 1975ರ ಜನವರಿಯಲ್ಲಿ ಏಕಪಕ್ಷದ ಆಳಿಕೆ ಬಂದಿತು. ಆಗಸ್ಟದಲ್ಲಿ ಮುಜೀಬುರ ರಹಮಾನರ ಕೊಲೆಯಾಯಿತು. ಬಿಡುಗಡೆ ಮಾಡಿದವರ ಮನೆಯಲ್ಲಿಯೂ ಬಿಡುಗಡೆ ಪಡೆದವರ ಮನೆಯಲ್ಲಿಯೂ ಒಂದೇ ವರ್ಷದಲ್ಲಿ ದೀಪವಾರಿತು.

ಸೆರೆಯಾದವರ ಅರ್ಜಿಗಳನ್ನು ಕೇಳಬಹುದೆಂದು ಕರ್ನಾಟಕವೂ ಸೇರಿ ಒಂಬತ್ತು ಉಚ್ಚ ನ್ಯಾಯಾಲಯಗಳು ಹೇಳಿದ್ದವು. 1976ರ ಎಪ್ರಿಲದಲ್ಲಿ ಸುಪ್ರೀಮ ಕೋರ್ಟು ಅದನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಖನ್ನಾ ಒಬ್ಬರೇ, ಹಿಂದೆ ಆಟ್ಕಿನ್ ನಿಂತಂತೆ, ಬೇರೆ ನಿಂತರು. ಆ ತಪ್ಪು ತೀರ್ಪನ್ನು ಅದೇ ನ್ಯಾಯಾಲಯವು ಅಳಿಸಿದ್ದು 2017ರ ಆಗಸ್ಟದಲ್ಲಿ. ಆ ಖಟ್ಲೆಯನ್ನು ಹೂಡಿದವರು ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. 41 ವರ್ಷ! ಹದಿನಾಲ್ಕು ದಿನದ ಯುದ್ಧದ ಬಿಲ್ಲನ್ನು ತೀರಿಸಲು ಹಿಡಿದ ಕಾಲವನ್ನು ತಾವೇ ಲೆಕ್ಕ ಹಾಕಿರಿ.

ಅಮೇರಿಕೆಯ ಕಥೆಯೂ ಬೇರೆಯಲ್ಲ. 1917ರಲ್ಲಿ ವಿಲ್ಸನ್ನನು ಪ್ರಜಾಪ್ರಭುತ್ವಕ್ಕೆ ಜಗತ್ತನ್ನು ನಿರ್ಭಯಗೊಳಿಸುವೆನೆಂದು ಯುದ್ಧಕ್ಕಿಳಿದನು. ಮರುವರ್ಷ ಆ ಯುದ್ಧದ ವಿರುದ್ಧ ಭಾಷಣ ಮಾಡಿದ ಯೂಜಿನ್ ಡೆಬ್ಸನಿಗೆ ಹತ್ತು ವರ್ಷಗಳ ಸೆರೆಯ ಶಿಕ್ಷೆಯಾಯಿತು. 2001ರ ಅಕ್ಟೋಬರದಲ್ಲಿ ಮಾಡಿದ ‘ದೇಶಭಕ್ತಿ’ಯ ಹೆಸರಿನ ಕಾಯದೆಯ ಬಿಗಿಯಾದ ಕಲಮುಗಳಿಗೆ 2005ರ ಕೊನೆಯ ಗಡುವಿತ್ತು, 2006ರಲ್ಲಿ ಅವುಗಳಲ್ಲಿ ಬಹಳಷ್ಟನ್ನು ಕಾಯಂ ಮಾಡಿದರು. ನಡುವೆ 2003ರಲ್ಲಿ, ವಿನಾಶಕ ಅಸ್ತ್ರಗಳಿವೆಯೆಂದು ಹೇಳಿ ಇರಾಕಿನ ಮೇಲೆ ಬಿದ್ದರು, ಅಸ್ತ್ರಗಳು ಸಿಗಲಿಲ್ಲ. ಜರ್ಮನಿ ಜಪಾನಗಳು ಸೋತ ಮೇಲೆ ಪ್ರಜಾಪ್ರಭುತ್ವಗಳಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಆದವು. ಆದರೆ ಜರ್ಮನರು 1919ರಲ್ಲಿಯೇ ಗಣರಾಜ್ಯವನ್ನು ಕಟ್ಟಿದ್ದರು; ಜಪಾನದ ಗಂಡಸರಿಗೆಲ್ಲ 1925ರಲ್ಲಿಯೇ ಮತ ದೊರೆತಿತ್ತು. ಎರೆಯ ಹೊಲದಲ್ಲಿ ಬೀಜ ಮೊದಲೇ ಇದ್ದರೆ ಮಳೆ ಬಂದಾಗ ಮೊಳೆಯುತ್ತದೆ. ಬೀಜವನ್ನು ಕೂರಿಗೆಯಿಂದ ಬಿತ್ತಬೇಕು. ತೋಪಿನ ಬಾಯಿಂದ ಬಿತ್ತಿದವನನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿಲ್ಲ.

ಹಾಗಾದರೆ ನೆರೆಯವನ ಮನೆಗೆ ಬೆಂಕಿ ಬಿದ್ದಾಗ ಸುಮ್ಮನೆ ಕುಳಿತಿರಬೇಕೇ? ಹಾಗೆಂದು ನಾವು ಹೇಳುವದಿಲ್ಲ. 1948ರಲ್ಲಿ, 1971ರಲ್ಲಿ ಸುಮ್ಮನಿರುವದೂ ಪಾಪವೇ ಆಗುತ್ತಿತ್ತು. ನಾವು ಬೇಡುವವು ಮೂರೇ ಮಾತು. ಒಂದು, ಯುದ್ಧಕ್ಕೆ ಹೊರಡುವ ಸರಕಾರವು ಜನಪ್ರತಿನಿಧಿಗಳ ಸಭೆಯನ್ನು ಕೇಳಲಿ. ಆ ಸಭೆ ಯುದ್ಧದುದ್ದಕ್ಕೂ ಕೂಡುತ್ತಿರಲಿ. ಎರಡು, ಯುದ್ಧಕ್ಕೆಂದು ಮಾಡಿದ ಪ್ರತಿಯೊಂದು ಕಾಯದೆಯ ಹಣೆಯ ಮೇಲೆ ಅದು ಸಾಯುವ ತಾರೀಖನ್ನು ಬರೆಯಲಿ. ಮೂರು, ಯುದ್ಧ ಮುಗಿದೊಡನೆ ಲೆಕ್ಕ ಬಯಲಾಗಲಿ: ಹಣದ ಲೆಕ್ಕ, ಹೆಣದ ಲೆಕ್ಕ. ಎರಡನೆಯದನ್ನು ನಮ್ಮವರು ನೋವಿನಿಂದಲೇ ಕಲಿತು, 1978ರ ನಾಲ್ವತ್ತನಾಲ್ಕನೆಯ ತಿದ್ದುಪಡಿಯಲ್ಲಿ ಸ್ವಲ್ಪ ಮಟ್ಟಿಗೆ ಸಾಧಿಸಿದರು. ತುರ್ತು ಪರಿಸ್ಥಿತಿಯನ್ನು ಆರು ಆರು ತಿಂಗಳಿಗೆ ಸಂಸತ್ತು ಮತ್ತೆ ಒಪ್ಪಬೇಕು. ಜೀವದ ಹಕ್ಕನ್ನು ಯಾವ ಘೋಷಣೆಯೂ ತಡೆಹಿಡಿಯಲಾಗದು. ಮೊದಲನೆಯದೂ ಮೂರನೆಯದೂ ನಮ್ಮ ಸಂವಿಧಾನದಲ್ಲಿ ಕಡ್ಡಾಯವಾಗಿಲ್ಲ. ಅವು ಮತದಾರನ ಎಚ್ಚರವನ್ನು ಅವಲಂಬಿಸಿವೆ.

ಆ ಎಚ್ಚರ ಎಂತಹದೆಂಬುದಕ್ಕೆ ಮತ್ತೆ ನರಗುಂದವೇ ಸಾಕ್ಷಿ. 1980ರ ಜುಲೈ 21ರಂದು ಮಲಪ್ರಭಾ ನೀರಿನ ಕರದ ಭಾರಕ್ಕೆ ಬೇಸತ್ತ ರೈತರು ಇಲ್ಲಿ ಕೂಡಿದರು, ಗುಂಡು ಹಾರಿತು, ಎರಡೂ ಕಡೆಯಲ್ಲಿ ಪ್ರಾಣ ಹೋದವು. ಹಾರಿಸಿದ್ದು ಮ್ಯಾನ್ಸನ್ನನ ಸರಕಾರವಲ್ಲ, ನಾವೇ ಮತವಿತ್ತು ಕೂಡಿಸಿದ ಸರಕಾರ. ಆಗ ಯಾವ ಪರದೇಶದ ದಂಡೂ ನಮ್ಮನ್ನು ಉದ್ಧರಿಸಲು ಬರಲಿಲ್ಲ. ಬರಬೇಕೆಂದು ಯಾರೂ ಬಯಸಲೂ ಇಲ್ಲ. 1983ರ ಜನವರಿಯಲ್ಲಿ ಕರ್ನಾಟಕದ ಜನರು ಆ ಸರಕಾರವನ್ನು ಮತದಿಂದ ಇಳಿಸಿದರು. 1858ರಲ್ಲಿ ಬಾಬಾಸಾಹೇಬರ ಕೈಯಲ್ಲಿ ಖಡ್ಗವಲ್ಲದೆ ಬೇರೆ ಉಪಾಯವಿರಲಿಲ್ಲ. ನಮ್ಮ ಕೈಯಲ್ಲಿ ಮತವಿದೆ. ಜಕ್ಕಲಿಯ ದೊಡ್ಡಮೇಟಿಯವರು 1953ರಲ್ಲಿ ಉಪವಾಸ ಕುಳಿತಾಗಲೂ ಅವರ ಕೈಯಲ್ಲಿ ಆಯುಧವಿರಲಿಲ್ಲ. ಮೂರೇ ವರ್ಷಗಳಲ್ಲಿ ನಾಡು ಕೂಡಿತು.

ಆದುದರಿಂದ, ಬಂಧುಗಳೇ, ಯಾವ ಸರಕಾರವೇ ಆಗಲಿ, ನಮ್ಮದೇ ಆಗಲಿ, ಹೊರನಾಡಿನ ಸ್ವಾತಂತ್ರ್ಯದ ಹೆಸರಿನಲ್ಲಿ ನಗಾರಿ ಬಾರಿಸಿದಾಗ ಜಯಕಾರ ಮಾಡುವ ಮೊದಲು ಒಮ್ಮೆ ಮನೆಯ ಕಡೆ ತಿರುಗಿ ನೋಡಿರಿ. ಸಭೆ ಕೂಡುತ್ತಿದೆಯೇ? ಪತ್ರಿಕೆ ಹೊರಡುತ್ತಿದೆಯೇ? ಸೆರೆಯಾದವನನ್ನು ನ್ಯಾಯಾಧೀಶನೆದುರು ನಿಲ್ಲಿಸುತ್ತಿದ್ದಾರೆಯೇ? ಈ ಮೂರಕ್ಕೂ ಅಹುದೆಂಬ ಉತ್ತರ ಬಂದರೆ ಮುಂದಿನ ಮಾತನ್ನು ಕೇಳೋಣ. ಬಾರದಿದ್ದರೆ ಮೊದಲು ಮನೆಯ ಬಾಗಿಲು ತೆರೆಯಿರೆಂದು ಹೇಳುವ ಧೈರ್ಯ ಈ ಮೂರು ಊರುಗಳಲ್ಲಾದರೂ ಉಳಿದಿರಲಿ.